ಅಪ್ಪ ಹಚ್ಚಿಕೊಂಡ ಗಂಧ

ಇವತ್ತು ಗಾಂಧಿಪುರಂ ಬಸ್ಸಿನಲ್ಲಿ ನನ್ನ ಮುಂದೆ ಕೂತವರು ಪಳನಿಗೆ ಮುಡಿ ಕೊಟ್ಟು ಬಂದಿದ್ದರು. ಬೋಳುತಲೆಯ ತುಂಬ ಗಂಧ. ಆ ವಾಸನೆಗೆ ಈಗಲೂ ನನ್ನ ತಲೆ ತಗ್ಗುತ್ತದೆ.

ನಮ್ಮ ಮಗ್ಗದ ಎದುರು ಗೋಡೆಯಲ್ಲಿ ಒಬ್ಬ ತಲೈವರ ಪಟವಿತ್ತು. ಅದಕ್ಕೆ ಕೈಮುಗಿಯದೆ ಅಪ್ಪ ಲಾಳಿ ಮುಟ್ಟುತ್ತಿರಲಿಲ್ಲ. ಆ ನಾಯಕರು ತೀರಿಹೋದ ದಿನ, ಹೆತ್ತ ತಂದೆಗೆ ಮಾಡಿದ ಹಾಗೆ, ಅಪ್ಪ ತಲೆ ಬೋಳಿಸಿಕೊಂಡು ಬಂದರು.

ಮರುದಿನ ನನ್ನನ್ನು ಶಾಲೆಗೆ ಬಿಡಲು ಬಂದಾಗ ಹುಡುಗಿಯರೆಲ್ಲ ನಕ್ಕರು. ನಕ್ಕರೆ ನಗಲಿ ಅನ್ನುವ ಧೈರ್ಯ ನನಗೆಲ್ಲಿತ್ತು? "ಪಳನಿಗೆ ಹರಕೆ ಇತ್ತು" ಅಂದುಬಿಟ್ಟೆ.

ಸಂಜೆ ಗೇಟಿನ ಹತ್ತಿರ ಅವರಲ್ಲೊಬ್ಬಳು, ನನ್ನನ್ನು ಕರೆದೊಯ್ಯಲು ಬಂದ ಅಪ್ಪನನ್ನೇ ತಮಿಳಿನಲ್ಲಿ ಕೇಳಿದಳು: "ಪಳನಿಗೆ ಹೋಗಿದ್ರೆ ತಲೆಗೆ ಗಂಧ ಎಲ್ಲಿ ಮಾಮಾ?"

ಅಪ್ಪ ನನ್ನ ಮುಖ ನೋಡಿದರು. "ಬೆವರಿಗೆ ಹೋಯ್ತು ಅಮ್ಮಣಿ" ಅಂದರು.

ಮನೆ ಬಾಗಿಲಲ್ಲಿ ನಮ್ಮ ಕನ್ನಡದಲ್ಲಿ ಒಂದೇ ಒಂದು ಕೇಳಿದರು: "ತಲೈವರ ಹೆಸ್ರು ಹೇಳಕ್ಕೆ ಅಷ್ಟು ನಾಚ್ಕೆಯಾ ನಿಂಗೆ?"

ಮಾರನೆಯ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅಪ್ಪ ಗಂಧ ತೇಯ್ದು ತಲೆಗೆಲ್ಲ ಹಚ್ಚಿಕೊಂಡರು. ಪಟಕ್ಕೆ ಬೆನ್ನು ಹಾಕಿ ಕೂತು ಹಚ್ಚಿಕೊಂಡರು.

ಇವತ್ತು ಬಸ್ಸಿನಲ್ಲಿ ನನ್ನ ಸ್ಟಾಪು ಇನ್ನೂ ದೂರವಿತ್ತು. ನಾನು ಬಸ್ಸಿಳಿದುಬಿಟ್ಟೆ.