ಸೂಪಿನ ಸೌಟು, ಸೋಲದ ತಂಡ

ಬೆಳಕು ಹರಿಯುವ ಮೊದಲೇ ರಗ್ನಾ ಒಲೆಯ ಬೂದಿ ತೆಗೆದು ಬೆಂಕಿ ಹೊತ್ತಿಸಬೇಕು, ಪಂಪು ಹೊಡೆದು ಹಂಡೆ ತುಂಬಬೇಕು, ಗಂಡ ಆಂಟನ್‌ಗೆ ಕಾಫಿ ಕಾಸಬೇಕು, ಕೋಳಿಗಳಿಗೆ ಕಾಳು ಚೆಲ್ಲಬೇಕು, ನೆನೆಹಾಕಿದ ಕೆಂಪು ಅಂಗಿಗಳನ್ನು ಉಜ್ಜಬೇಕು. ಅಂಗಿಗಳು ಮನೆಯವಲ್ಲ, ಅವಳು ಕೂಲಿಗೆ ಒಗೆದುಕೊಡುವ, ಗುಡ್ಡದ ಮೇಲಿನ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದವು; ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ ಅದು.

ಮಹಾಯುದ್ಧ ಮುಗಿದ ಮರುವರ್ಷ ಅದು. ಅಮೆರಿಕದ ಮಿನೆಸೋಟ ರಾಜ್ಯದ ಆ ಪುಟ್ಟ ಊರಿನ ತಂಡದ ತುಂಬ ಸೈನ್ಯದಿಂದ ಮರಳಿದವರೇ. ಅವರ ಅಂಗಿಯ ಭುಜದಲ್ಲಿ ಕೆಸರು ಹೆಪ್ಪುಗಟ್ಟಿರುತ್ತಿತ್ತು; ಮೊಣಕೈಯಲ್ಲಿ ಹುಲ್ಲಿನ ಕಲೆ, ಕುತ್ತಿಗೆಯಲ್ಲಿ ರಕ್ತ. ಯುದ್ಧದ ಸಾವುನೋವನ್ನೆಲ್ಲ ಕಂಡು ಬಂದವರು ಚೆಂಡೊಂದನ್ನು ಎದೆಗವಚಿಕೊಂಡು ಓಡಿ, ಬಿದ್ದು, ನಗುತ್ತ ಏಳುವುದಾದರೂ ಹೇಗೆ? ಒಮ್ಮೆ ಕಣ್ಣಾರೆ ನೋಡಬೇಕು. ರಗ್ನಾಳಿಗೆ ಇದ್ದದ್ದು ಅದೊಂದೇ ಆಸೆ.

ಮೊದಲ ಪಂದ್ಯದ ಶನಿವಾರ ಅವಳು ಚರ್ಚಿಗೆ ಹೋಗುವ ಟೋಪಿ ಇಟ್ಟುಕೊಂಡು ಹೊರಟೇ ಬಿಟ್ಟಿದ್ದಳು.

"ನೀನೂ ಹೊರಟ್ಯಾ?" ಎಂದ ಆಂಟನ್. "ಆಟ ಮುಗಿಸ್ಕೊಂಡು ನನ್ನ ಗೆಳೆಯರೆಲ್ಲ ಇಲ್ಲಿಗೇ ಬರ್ತಾರೆ. ಬಟಾಣಿ ಸೂಪು ಯಾರು ತಿರುವ್ತಾರೆ, ನಿನ್ನ ಕೋಳಿಗಳಾ?"

ಟೋಪಿ ಗೂಟಕ್ಕೆ ಮರಳಿತು. ವರ್ಷಗಟ್ಟಲೆ ಸೋತಿದ್ದ ತಂಡ ಅಂದು ಗೆದ್ದಿತು. ಮುಂದಿನ ಶನಿವಾರವೂ ಅವಳು ಒಲೆಯ ಮುಂದಿದ್ದಳು, ತಂಡ ಮತ್ತೆ ಗೆದ್ದಿತು. ಆಂಟನ್ ಕ್ಷೌರದಂಗಡಿಯಲ್ಲಿ ಕೂತು, "ನಮ್ಮನೆಯವಳು ಸೌಟು ಆಡಿಸೋವರೆಗೂ ನಮ್ಮವರಿಗೆ ಸೋಲಿಲ್ಲ ಕಣ್ರೋ" ಎಂದ. ತಮಾಷೆ ಊರಿನ ನಂಬಿಕೆಯಾಯಿತು. ಗೆಲ್ಲುವ ಕಾಲದಲ್ಲಿ ಏನನ್ನೂ ಬದಲಿಸಬಾರದಲ್ಲ! ತರಬೇತುದಾರ ಅದೇ ಹರಕು ಕೋಟು ತೊಡುತ್ತಿದ್ದ, ಪಾದ್ರಿ ಅದೇ ಬೆಂಚಿನ ಅದೇ ಮೂಲೆ ಹಿಡಿಯುತ್ತಿದ್ದರು. ರಗ್ನಾಳ ಪಾಲಿಗೆ ಸೌಟು ಬಂತು.

ಗುಡ್ಡದ ಮೈದಾನದಿಂದ ಜನರ ಕೂಗೆದ್ದಾಗ ಗೋಡೆಗೂಡಿನ ಬಟ್ಟಲುಗಳು ಕಿಣಿಕಿಣಿ ಅನ್ನುತ್ತಿದ್ದವು. ಅವಳ ಮೈ ಜುಮ್ಮೆನ್ನುತ್ತಿತ್ತು. ಕೈ ಮಾತ್ರ ತಿರುವುತ್ತಲೇ ಇರಬೇಕು.

ಕೊನೆಯ ಪಂದ್ಯವೊಂದನ್ನು ಗೆದ್ದರೆ ಸೋಲೇ ಕಾಣದ ವರ್ಷ. ಶುಕ್ರವಾರ ಇಸ್ತ್ರಿ ಮಾಡಿದ ಅಂಗಿಗಳನ್ನು ಒಯ್ಯಲು ನಾಯಕ ಸೆಲ್ಮರ್ ಬಂದ.

"ರಗ್ನಮ್ಮ, ನಾಳೆ ಒಂದಿನ ಒಲೆ ಬಿಟ್ಟು ಅಲ್ಲಾಡಬೇಡಿ."

"ನಾನು ಬಂದ್ರೆ ಚೆಂಡು ನಿನ್ನ ಕೈಯಿಂದ ಜಾರತ್ತೇನೋ?"

"ನಗಬೇಡಿ. ಯುದ್ಧದಲ್ಲಿ ಒಂದೇ ಜೊತೆ ಕಾಲ್ಚೀಲ ಹಾಕ್ತಿದ್ದೆ. ಬದುಕಿ ಬಂದೆ."

"ಯಾರು ಒಗೀತಿದ್ರು?"

"ಒಗೀಲೇ ಇಲ್ಲ."

"ಹಾಗನ್ನು! ಶತ್ರುಗಳು ಓಡಿದ್ದು ಅದಕ್ಕೇ."

ಅವನೂ ನಕ್ಕ. ಆದರೆ ಬಾಗಿಲು ದಾಟುವಾಗ ತಿರುಗಿ ನೋಡಿದ ಕಣ್ಣಲ್ಲಿ ಮಗುವಿನ ಬೇಡಿಕೆಯಿತ್ತು. ನಾಳೆ ಅವಳು ಹೋಗಿ, ತಂಡ ಸೋತರೆ ಊರೆಲ್ಲ ಬೆರಳು ತೋರಿಸುವುದು ಯಾರ ಕಡೆಗೆ ಎಂದು ಹೇಳಬೇಕಾಗಿರಲಿಲ್ಲ.

ಶನಿವಾರ ಮಧ್ಯಾಹ್ನ ಬೀದಿಯಲ್ಲಿ ನರಪಿಳ್ಳೆಯಿರಲಿಲ್ಲ. ಸೂಪು ಕುದಿಯುತ್ತಿತ್ತು. ಕೂಗೆದ್ದಿತು, ಬಟ್ಟಲುಗಳು ನಡುಗಿದವು. ಆಮೇಲೆ ದೊಡ್ಡ ಮೌನ. ಯಾರೋ ಬಿದ್ದಿರಬೇಕು, ಇನ್ನೂ ಎದ್ದಿಲ್ಲ. ರಗ್ನಾ ತನ್ನ ಕೈ ನೋಡಿಕೊಂಡಳು. ಬಟ್ಟೆ ಒಗೆಯುವ ಸೋಡಾಕ್ಕೆ ಬಿರಿದ ಬೆರಳುಗಳು ಆ ಭುಜಗಳ ಕೆಸರನ್ನು ಬಲ್ಲವು. ಗೆದ್ದದ್ದೆಲ್ಲ ಸೂಪಿನಿಂದ ಎನ್ನುವುದಾದರೆ ಆ ಕೆಸರು ಯಾರದು? ಆ ರಕ್ತ ಯಾರದು?

ಪಾತ್ರೆಯನ್ನು ಒಲೆಯಿಂದ ಇಳಿಸಿದಳು. ಸೌಟು ಅದರಲ್ಲೇ ಇರಲೆಂದು ಬಿಟ್ಟಳು. ಗೂಟದಿಂದ ಟೋಪಿ ತೆಗೆದು ತಲೆಗಿಟ್ಟು ಬಾಗಿಲೆಳೆದುಕೊಂಡಳು.

ಗುಡ್ಡದ ಅರ್ಧ ಏರಿದಾಗ ಮತ್ತೆ ಕೂಗೆದ್ದಿತು. ಗೆಲುವಿನದೋ ಸೋಲಿನದೋ ತಿಳಿಯಲಿಲ್ಲ. ಅವಳು ನಿಲ್ಲಲಿಲ್ಲ.