ರಟ್ಟೆ ಸೆಳೆತ

ಹೊಟ್ಟೆಕಿಚ್ಚಿಗೆ ಔಷಧಿ ಇದ್ದಿದ್ದರೆ ಎಪ್ಪತ್ತರ ದಶಕದ ಕೊನೆಯ ಆ ದಿನಗಳಲ್ಲಿ ರಾಯಚೂರಿನಲ್ಲಿ ಅದನ್ನು ಮೊದಲು ಕುಡಿಯಬೇಕಾದವನು ನಾನು. ಡಾಕ್ಟರನಾಗಿದ್ದೂ ನನ್ನ ರೋಗಕ್ಕೆ ನನ್ನ ಬಳಿ ಮದ್ದಿರಲಿಲ್ಲ. ರೋಗದ ಕಾರಣ ಮಾತ್ರ ದಿನವೂ ನನ್ನ ಎದುರಿನ ಮೇಜಿನಲ್ಲೇ ಕೂರುತ್ತಿತ್ತು. ನಮ್ಮ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರಮ್ಮ, ನನಗಿಂತ ಮೂರು ವರ್ಷ ಚಿಕ್ಕವಳು.

ಅವಳು ಮಾನ್ವಿ ಕಡೆಯವಳು. ತಾಯಿ ಸಿರವಾರದ ಗದ್ದೆಗಳಲ್ಲಿ ಸಸಿ ಹಚ್ಚಿ ಮಗಳನ್ನು ಓದಿಸಿದ್ದಳು. ನಾನು ವಕೀಲರ ಮಗ. ಅವಳು ನನಗಿಂತ ಜಾಣೆ ಎಂಬುದು ನನಗೆ ಸಹಿಸಲಾಗದ ಸಂಗತಿ. ಅವಳ ಜಾಗದಲ್ಲಿ ನಮ್ಮ ಓಣಿಯವರು ಯಾರಾದರೂ ಇದ್ದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ ಎಂಬುದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಮೊದಲ ಪೆಟ್ಟು ಬಿದ್ದದ್ದು ಅರಕೇರಾದ ಒಬ್ಬ ಬಡಗಿಯ ಕುತ್ತಿಗೆಯ ಗಡ್ಡೆಯಿಂದ. "ಗಂಡಮಾಲಿ ಎದ್ದಾದ್ರಿ ಸಾಹೇಬ್ರ" ಅಂದ. ನಮ್ಮ ಕಡೆ ಕುತ್ತಿಗೆಯಲ್ಲಿ ಏನು ಊದಿದರೂ ಗಂಡಮಾಲೆ, ಗಂಡಮಾಲೆ ಎಂದರೆ ಕ್ಷಯ. ನಾನು ಕ್ಷಯದ ಮಾತ್ರೆ ಬರೆದೆ. ತಿಂಗಳುಗಟ್ಟಲೆ ನುಂಗಿದರೂ ಗಡ್ಡೆ ಕರಗಲಿಲ್ಲ. ಅವಳು ಗಡ್ಡೆಯ ಚೂರು ತೆಗೆಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಲಿಂಫೋಮಾ ಎಂದಳು. ಗ್ರಂಥಿಗಳ ಕ್ಯಾನ್ಸರ್.

"ರೋಗಿ ಇಟ್ಟ ಹೆಸರನ್ನs ನಾವು ಚೀಟಿ ಮ್ಯಾಲ ಬರ್ಯಾಕತ್ತೀವ್ರಿ ಸರ" ಎಂದಳು, ತಪ್ಪು ತನ್ನದೂ ಹೌದೇನೋ ಎಂಬಂತೆ. ಆ ವಿನಯ ಕಂಡು ನನ್ನ ಮೈ ಇನ್ನಷ್ಟು ಉರಿಯಿತು.

ಅದೇ ಅವಳ ಸಂಶೋಧನೆಯಾಯಿತು. ಜನರ ಮಾತು ಎಲ್ಲಿ ಡಾಕ್ಟರರ ದಾರಿ ತಪ್ಪಿಸುತ್ತದೆ? ಗಡ್ಡೆಯ ನಂತರ ಹೃದಯಾಘಾತದ ವಿಷಯ ಹಿಡಿದಳು. ರಜೆ ಸಿಕ್ಕಾಗಲೆಲ್ಲ ದೇವದುರ್ಗಕ್ಕೋ ಮಾನ್ವಿಗೋ ಬಸ್ಸು ಹತ್ತುವುದು, ಹೃದಯಾಘಾತವಾಗಿ ಉಳಿದ ಹೆಂಗಸರನ್ನು ಹುಡುಕಿ ಅವರ ಮಾತನ್ನು ಹಾಗೇ ನೋಟುಬುಕ್ಕಿಗೆ ಇಳಿಸುವುದು.

"ನೀವೂ ಬರ್ರಿ ಸರ. ಲೇಖನಕ್ಕ ಇಬ್ಬರ ಹೆಸರೂ ಹಾಕೋಣು."

"ನಿಘಂಟು ಬರ್ಯಾಕ ನಾನೇನು ಕನ್ನಡ ಮಾಸ್ತರಲ್ಲ" ಎಂದೆ.

ಗಡ್ಡೆಯ ಮೇಲಿನ ಅವಳ ಲೇಖನ ಅಚ್ಚಾದಾಗ ಆಸ್ಪತ್ರೆಯವರೆಲ್ಲ ಪೇಡೆ ತಿಂದರು. ನಾನು ಆ ಲೇಖನವನ್ನು ನಾಲ್ಕು ಸಲ ಓದಿದೆ, ಒಂದಾದರೂ ತಪ್ಪು ಸಿಗಲಿ ಎಂದು. ಸಿಗಲಿಲ್ಲ. ಮುಂದೆ ಅವಳು ವಾರ್ಡಿಗೆ ಹೋದ ಹೊತ್ತು ನೋಡಿ ನೋಟುಬುಕ್ಕನ್ನೂ ಕದ್ದು ಓದತೊಡಗಿದೆ. ಅದರಲ್ಲೊಂದು ಕಡೆ ಹೀಗಿತ್ತು: ಹೆಂಗಸರು ಗಂಡಸರ ಮುಂದೆ 'ಎದಿ' ಎಂಬ ಮಾತೇ ಆಡುವುದಿಲ್ಲ, ನಾಚುತ್ತಾರೆ. ಎದೆ ನೋವನ್ನು 'ರಟ್ಟಿ ಸೆಳೀತದ' ಎಂದು ತೋಳಿನ ಮೇಲೆ ಹಾಕಿ ಹೇಳುತ್ತಾರೆ. ಇದೂ ಒಂದು ಸಂಶೋಧನೆಯೇ ಎಂದು ಮೂಗು ಮುರಿದು ಮುಚ್ಚಿಟ್ಟೆ.

ಒಂದು ಬೆಳಿಗ್ಗೆ ಅವ್ವ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಹಣೆಯಲ್ಲಿ ಬೆವರು.

"ಯಪ್ಪಾ, ರಟ್ಟಿ ಸೆಳ್ಯಾಕತ್ತದ. ನಿನ್ನಿ ಜೋಳ ಬೀಸೀನಿ, ಅದಕ್ಕs ಇರಬೇಕು."

ನೋಟುಬುಕ್ಕಿನ ಆ ಸಾಲು ಅಕ್ಷರಕ್ಕೆ ಅಕ್ಷರ ನೆನಪಾಯಿತು. ಅದನ್ನು ನಂಬಿದರೆ ಡಾಕ್ಟರಮ್ಮನನ್ನು ಒಪ್ಪಿದಂತೆ. ನಾನು ನನ್ನ ಪಾಠದ ಪ್ರಶ್ನೆಯನ್ನೇ ಕೇಳಿದೆ: "ಎದಿ ನೋಯ್ತದೇನು?"

ಅವ್ವ ಸೆರಗು ಬಿಗಿಯಾಗಿ ಹೊದ್ದುಕೊಂಡಳು. "ಇಲ್ಲಪ್ಪಾ."

ಮುಲಾಮು ತಿಕ್ಕಿಕೋ ಎಂದು ಹೇಳಿ ಕೆಲಸಕ್ಕೆ ಹೋದೆ.

ಮಧ್ಯಾಹ್ನದ ಹೊತ್ತಿಗೆ ನೆರೆಮನೆಯವರು ಅವ್ವನನ್ನು ಆಸ್ಪತ್ರೆಗೆ ಹೊತ್ತು ತಂದರು. ಡಾಕ್ಟರಮ್ಮ ಪರದೆ ಎಳೆದಳು. ನಾನು ಹೊರಗೆ ನಿಂತೆ. "ಯವ್ವಾ, ಬಾಯಿಲೆ ಹೇಳಬ್ಯಾಡ್ರಿ, ಎಲ್ಲಿಂದ ಸೆಳೀತದ ಕೈ ಇಟ್ಟು ತೋರಸ್ರಿ" ಎಂದದ್ದು ಕೇಳಿಸಿತು. ಆಮೇಲೆ ಇ.ಸಿ.ಜಿ. ಯಂತ್ರ ಒಳಗೆ ಹೋಯಿತು. ಹೃದಯಾಘಾತವೇ. ಅವ್ವ ಉಳಿದಳು, ಉಳಿಸಿದ್ದು ಡಾಕ್ಟರಮ್ಮ.

"ನನಗ್ಯಾಕ ಹೇಳಲಿಲ್ಲ?" ಎಂದು ಆಮೇಲೆ ಅವ್ವನನ್ನು ಕೇಳಿದೆ.

"ಗಂಡ್ಮಗನ ಮುಂದ ಹ್ಯಾಂಗ ಹೇಳ್ಬೇಕೋ? ಆಕಿ ಕೇಳೂ ಹಂಗ ಕೇಳಿದ್ಲು" ಎಂದು ಪಕ್ಕದಲ್ಲಿ ನಿಂತಿದ್ದ ಡಾಕ್ಟರಮ್ಮನ ಕೈ ಹಿಡಿದುಕೊಂಡಳು. ತಾಯಿ ಬದುಕಿದ್ದಾಳೆಂಬ ಸಮಾಧಾನದ ಜೊತೆಗೇ, ಆ ಕೈ ನನ್ನದಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ನಾಚಿಕೆಗೆಟ್ಟ ಉರಿ.

ಎಂಬತ್ತರ ದಶಕದಲ್ಲಿ ಹೃದಯಾಘಾತದ ಲೇಖನ ಅಚ್ಚಾಯಿತು. ಅವ್ವ ಅದರಲ್ಲಿ ಹೆಸರಿಲ್ಲದ ಒಬ್ಬ ರೋಗಿ. ನಾನೂ ಇದ್ದೆ, 'ಮೊದಲು ನೋಡಿದ ವೈದ್ಯರು' ಎಂದು. ಎದೆ ನೋವಿಲ್ಲವೆಂದು ರೋಗಿಯೇ ಹೇಳಿದ್ದಳು ಎಂದು ಬರೆದು, ನನ್ನ ಮಾನ ಉಳಿಸಲು ಡಾಕ್ಟರಮ್ಮ ಇನ್ನೊಂದು ವಾಕ್ಯ ಸೇರಿಸಿದ್ದಳು: ರಟ್ಟೆ ಸೆಳೆತದ ಅರ್ಥ ಆ ವೈದ್ಯರಿಗೆ ತಿಳಿದಿರಲಿಲ್ಲ.

ಅಷ್ಟು ವರ್ಷ ಅವಳ ಬರಹದಲ್ಲಿ ಹುಡುಕಿದ ತಪ್ಪು ಕೊನೆಗೂ ಸಿಕ್ಕಿತು. ಅವಳಿಗೆ ಅದನ್ನು ನಾನು ಇವತ್ತಿಗೂ ಹೇಳಿಲ್ಲ.