ಯಾವುದರಿಂದ ಬೇಜಾರು?

ಕಳೆದ ತಿಂಗಳು ಒಬ್ಬ ಮೆಕ್ಯಾನಿಕ್‌ಗೆ ಕನ್ನಡ ಹೇಳಿಕೊಡಲು ಹೋದೆ. ಅವರು ಕಲಿಯಲಿಲ್ಲ. ಕಲಿತಿದ್ದರೆ ಒಂದು ಜೀವ ಹೋಗುತ್ತಿತ್ತೇನೋ.

ನನ್ನ ಸ್ಕೂಟರ್ ಮತ್ತೆ ಕೈಕೊಟ್ಟಿತ್ತು. (ಈ ಅಂಕಣ ಓದುವವರಿಗೆ ಇದು ಸುದ್ದಿಯೇ ಅಲ್ಲ.) ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ರಸ್ತೆಯಲ್ಲಿ ದಾದಾಪೀರ್ ಸಾಬರ ಶೆಡ್ಡು. ಹನ್ನೊಂದು ವರ್ಷದಿಂದ ನನ್ನ ಸ್ಕೂಟರಿಗೆ ಅವರೇ ವೈದ್ಯರು. ಶನಿವಾರ ಮಧ್ಯಾಹ್ನ ಕಾಲೇಜಿನಲ್ಲಿ ಪಾಠ ಮುಗಿಸಿ, ಗಾಡಿ ತಳ್ಳಿಕೊಂಡು ಅಲ್ಲಿಗೆ ಹೋದೆ. ಗಾಳಿಯಲ್ಲಿ ಶೇಂಗಾ ಹಿಂಡಿಯ ವಾಸನೆ. ಸಾಬರು ಯಾರದೋ ಬೈಕಿಗೆ ಕ್ಲಚ್ ಕೇಬಲ್ ಹಾಕುತ್ತಿದ್ದರು. ಬೈಕಿನ ಯಜಮಾನರು ಪಕ್ಕದಲ್ಲಿ ಹಳೇ ಟೈರಿನ ಮೇಲೆ ಕೂತಿದ್ದರು.

ಅವರು ಮೊಳಕಾಲ್ಮೂರಿನ ನೇಕಾರರು. ಹೆಂಡತಿಯ ಅಕ್ಕನ ಮನೆ ಚಳ್ಳಕೆರೆಯಲ್ಲಿ. ಬಂದಾಗಲೆಲ್ಲ ಬೈಕನ್ನು ಸಾಬರಿಗೆ ತೋರಿಸಿಯೇ ಹೋಗುತ್ತಾರೆ. ನನಗೂ ಮುಖಪರಿಚಯ. ನನ್ನ ಹೆಂಡತಿಯ ಒಂದು ರೇಷ್ಮೆ ಸೀರೆ ಅವರ ಮಗ್ಗದಲ್ಲೇ ಹುಟ್ಟಿದ್ದು.

“ಏನ್ರಿ, ಆರಾಮಾ?” ಎಂದೆ.

“ಆರಾಮ್ರಿ ಸಾರ್.” ನೆಲ ನೋಡುತ್ತಾ, “ಯಾಕೋ ಬೇಜಾರಾಗೈತೆ” ಎಂದರು.

ನಾನು ತಲೆಯಾಡಿಸಿ ಪೇಪರ್ ಬಿಡಿಸಿದೆ. ಬೇಜಾರು! ದಿನಕ್ಕೆ ಎಷ್ಟು ಸಲ ಹೇಳುತ್ತೇವೆ? ಬಸ್ಸು ತಡವಾದರೆ ಬೇಜಾರು. ಕರೆಂಟು ಹೋದರೆ ಬೇಜಾರು. ಬೆಳಿಗ್ಗೆ ಮತ್ತೆ ಉಪ್ಪಿಟ್ಟೇ ಆದರೆ ಬೇಜಾರು. ಅದನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

ಕೊನೇ ನಟ್ಟು ಬಿಗಿದು ಮುಗಿಸುತ್ತಿದ್ದ ಸಾಬರ ಸ್ಪ್ಯಾನರ್ ಮಾತ್ರ ನಿಂತಿತು.

“ಯಾವುದರಿಂದ ಬೇಜಾರು?”

“ಹಂಗೇ ರೀ.”

“ಹಂಗೇ ಅಂದ್ರೆ ಹೆಂಗೆ? ಯಾವುದರಿಂದಾನೋ ಇರಬೇಕಲ್ಲ. ಕೆಲಸದಿಂದಾ? ಮನೆಯಿಂದಾ? ಇಲ್ಲಾ ಜಿಂದಗಿಯಿಂದ್ಲೇನಾ?”

ಈಗ ನನ್ನೊಳಗಿನ ಎಂ.ಎ. ಎದ್ದು ಕೂತಿತು. “ಸಾಬ್ರೇ, ಅದು ನಿಮ್ಮ ಉರ್ದು ಬೇಜಾರ್. ಜೀವನವೇ ಸಾಕು ಅನ್ನೋವಂಥದ್ದು. ಕನ್ನಡಕ್ಕೆ ಬಂದ ಮೇಲೆ ಅದು ತೆಳ್ಳಗಾಗಿದೆ. ಬೋರ್ ಅಂತಾರಲ್ಲ, ಅಷ್ಟೇ” ಎಂದು ನಕ್ಕೆ.

(ನಕ್ಕೆನೇ? ಅಂದಿನ ಡೈರಿಯಲ್ಲಿ ‘ಮುಗುಳ್ನಕ್ಕೆ’ ಎಂದು ಬರೆದುಕೊಂಡಿದ್ದೇನೆ. ಡೈರಿ ಬರೆಯುವಾಗ ನಾನು ಸ್ವಲ್ಪ ಒಳ್ಳೆಯವನಾಗಿಬಿಡುತ್ತೇನೆ. ಸಾಬರನ್ನು ಕೇಳಿದೆ. “ಜೋರಾಗೇ ನಕ್ರಿ ಮೇಷ್ಟ್ರೇ” ಎಂದರು. ಅವರ ನೆನಪೇ ಇರಲಿ.)

“ನೀವು ಸುಮ್ಕಿರ್ರಿ, ನಿಮ್ಮನ್ನ ಕೇಳಿಲ್ಲ” ಎಂದು ಸಾಬರು ನನ್ನ ಬಾಯಿ ಮುಚ್ಚಿಸಿದರು.

ನೇಕಾರರು ನೆಲ ನೋಡುತ್ತಲೇ ತಮ್ಮ ಮನೆಮಾತು ತೆಲುಗಿನಲ್ಲಿ, “ಅನ್ನಿಟಿ ಮೀದಾ” ಎಂದರು. ಎಲ್ಲದರ ಮೇಲೂ.

ಸಾಬರು ಕೈ ಒರೆಸಿಕೊಂಡು ಅವರೆದುರು ಕುಕ್ಕರಗಾಲಲ್ಲಿ ಕೂತರು. “ಸಾಯ್ಬೇಕು ಅನ್ಸುತ್ತಾ?”

ಹೀಗೆಲ್ಲ ಕೇಳುತ್ತಾರೆಯೇ? ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು, ಅಸ್ತು ಎನ್ನುವ ದೇವತೆಗಳು ಮೇಲೆ ಓಡಾಡುತ್ತಿರುತ್ತಾರೆ ಎಂದು ಕೇಳಿಕೊಂಡೇ ಬೆಳೆದವನು ನಾನು. ಇಲ್ಲದ ಯೋಚನೆಯನ್ನು ಇವರೇ ತಲೆಗೆ ತುಂಬಿದಂತಾಗಲಿಲ್ಲವೇ?

ನೇಕಾರರು ಬೆಚ್ಚಲಿಲ್ಲ. ತಲೆಯ ಮೇಲಿನ ಹೊರೆಗೆ ಯಾರೋ ಕೈಕೊಟ್ಟು ಇಳಿಸಿದಂತೆ ಉಸಿರು ಬಿಟ್ಟರು.

“ಹೂಂ ಸಾಬ್ರೇ. ಎರಡು ತಿಂಗಳಾತು. ಮಗ್ಗದ ಮುಂದೆ ಕೂತ್ರೆ ನೂಲಿನ ಬಣ್ಣ ಕಾಣ್ತವೆ. ಆದ್ರೆ ಯಾವ ಬಣ್ಣಾನೂ ಬ್ಯಾಡ ಅನ್ಸುತ್ತೆ. ಯಾಕೆ ಅಂದ್ರೆ ಹೇಳಾಕೆ ಒಂದು ಕಾರಣಾನೂ ಇಲ್ಲ. ಮನೆ ಚೆನ್ನಾಗೈತೆ, ಮಗಳು ಚೆನ್ನಾಗವ್ಳೆ. ಇವತ್ತು ಊರಿಗೆ ವಾಪಸ್ ಹೋಗ್ಬಾರ್ದು ಅಂತಾನೇ ಇದ್ದೆ.”

“ಯಾರಿಗಾದ್ರೂ ಹೇಳಿದ್ರಾ?”

“ಹೇಳಿದ್ರೆ ಮೆಂಟಲ್ ಅಂತಾರಲ್ರಿ.”

ಸಾಬರು ಎದ್ದು, ಹಲಗೆಯ ಮೇಲೆ ಸ್ಪಾರ್ಕ್ ಪ್ಲಗ್ಗುಗಳ ಪಕ್ಕದಲ್ಲಿದ್ದ ಮಾತ್ರೆಯ ಒಂದು ಪಟ್ಟಿ ತಂದರು.

“ಇದು ಮೆಂಟಲ್ ಡಾಕ್ಟ್ರೇ ಕೊಟ್ಟಿದ್ದು. ನಾನೂ ನುಂಗ್ತೀನಿ. ನಾನು ಹುಚ್ಚ ಆಗಿದ್ರೆ ಈ ಮೇಷ್ಟ್ರ ಡಬ್ಬಾ ಗಾಡಿ ಹನ್ನೊಂದು ವರ್ಷ ಹೆಂಗೆ ಓಡ್ತಿತ್ತು?”

ನೇಕಾರರ ತುಟಿ ಸ್ವಲ್ಪ ಅಲುಗಿತು. ನನ್ನದು ಅಲುಗಲಿಲ್ಲ. ಹನ್ನೊಂದು ವರ್ಷ! ಎಲ್ಲರಿಗೂ ಕಾಣುವ ಹಲಗೆಯ ಮೇಲೆ ಅವರು ಇಟ್ಟಿದ್ದನ್ನು ನಾನು ನೋಡಿಯೇ ಇರಲಿಲ್ಲ. ನೋಡಿದ್ದರೂ ತಲೆನೋವಿನ ಮಾತ್ರೆ ಎಂದುಕೊಂಡಿರುತ್ತೇನೆ.

“ಗಾಡಿ ಇವತ್ತು ಆಗಲ್ಲ. ನಡೀರಿ, ಬಸ್ಸಿಗೆ ಹೋಗೋಣ. ನಾನೂ ಬರ್ತೀನಿ” ಎಂದರು ಸಾಬರು.

ಸುಳ್ಳು! ಕೇಬಲ್ ಹಾಕುವುದು ಆಗಲೇ ಮುಗಿದಿತ್ತು. ಆಗದ ಗಾಡಿಯನ್ನು ‘ಆಯ್ತು’ ಎನ್ನುವ ಮೆಕ್ಯಾನಿಕ್‌ಗಳನ್ನು ಬೇಕಾದಷ್ಟು ಕಂಡಿದ್ದೇನೆ. ಆದ ಗಾಡಿಯನ್ನು ‘ಆಗಲ್ಲ’ ಎಂದವರು ಇವರೊಬ್ಬರೇ. ಆ ಮನುಷ್ಯನನ್ನು ಒಂಟಿಯಾಗಿ ರಸ್ತೆಗೆ ಬಿಡಬಾರದು, ಅಷ್ಟೇ ಅವರ ಲೆಕ್ಕ. ಎದುರಿನ ಎಸ್‌ಟಿಡಿ ಬೂತಿನಿಂದ ನೇಕಾರರ ಮನೆಗೆ ಫೋನ್ ಮಾಡಿಸಿದರು. ನನ್ನ ಕಡೆ ತಿರುಗಿ, “ಮೇಷ್ಟ್ರೇ, ಶೆಡ್ಡು ನೋಡ್ಕೊಳ್ರಿ” ಎಂದರು. ಇಬ್ಬರೂ ಮೊಳಕಾಲ್ಮೂರಿನ ಪ್ರೈವೇಟ್ ಬಸ್ಸು ಹತ್ತಿದರು.

ಸಂಜೆಯ ತನಕ ನಾನು ಮೆಕ್ಯಾನಿಕ್! ಟಿವಿಎಸ್ ತಳ್ಳಿಕೊಂಡು ಬಂದವನೊಬ್ಬ, “ಪಂಚರ್ ಹಾಕ್ತೀರಾ?” ಎಂದ. ನಾನು ಕನ್ನಡ ಲೆಕ್ಚರರ್ ಎಂದೆ. “ಹಂಗಾರೆ ಗಾಳಿನಾದ್ರೂ ಹೊಡೀರಿ” ಎಂದ. ಹೊಡೆದೆ. ಆ ಮಧ್ಯಾಹ್ನ ನನ್ನಿಂದಾದ ಉಪಕಾರ ಅದೊಂದೇ.

ಮೊಳಕಾಲ್ಮೂರಿನಲ್ಲಿ ಆದದ್ದನ್ನು ಸಾಬರು ಆಮೇಲೆ ಹೇಳಿದರು. ಹೆಂಡತಿಗೆ ವಿಷಯವನ್ನು ನೇಕಾರರ ಬಾಯಿಂದಲೇ ಹೇಳಿಸಿದರಂತೆ. ಆಕೆ ಅತ್ತರಂತೆ. ಗಂಡನನ್ನು ಇನ್ನು ಒಬ್ಬರನ್ನೇ ಬಿಡುವುದಿಲ್ಲ ಎಂದು ಪಕ್ಕದಲ್ಲೇ ಕೂತರಂತೆ. ನೇಕಾರರ ಅಣ್ಣ ಮಾತ್ರ, ಆಸ್ಪತ್ರೆ ಬೇಡ, ಊರವರಿಗೆ ಗೊತ್ತಾಗುತ್ತೆ, ಮಂತ್ರ ಹಾಕಿಸೋಣ ಎಂದರಂತೆ. “ಹಾಕ್ಸ್ರಿ, ನಾನೇನ್ ಬ್ಯಾಡ ಅನ್ನಲ್ಲ. ಸೋಮವಾರ ದುರ್ಗಕ್ಕೆ ಮಾತ್ರ ಬರ್ಲೇಬೇಕು” ಎಂದು ಸಾಬರು ಪಟ್ಟು ಹಿಡಿದರು. ಸೋಮವಾರ ಶೆಡ್ಡಿಗೆ ಬೀಗ. ಗಂಡ ಹೆಂಡತಿಯ ಜೊತೆ ಚಿತ್ರದುರ್ಗದ ಮನೋವೈದ್ಯರ ಬಾಗಿಲಲ್ಲಿ ಸಾಬರೂ ಕೂತಿದ್ದರು.

ಆ ವೈದ್ಯರು ಹೇಳಿದ್ದನ್ನು ನನ್ನಂಥ ಓದಿದವರು ಬರೆದಿಟ್ಟುಕೊಳ್ಳಬೇಕು. ನೇರವಾಗಿ ಕೇಳುವುದರಿಂದ ಯಾರಿಗೂ ಸಾಯುವ ಯೋಚನೆ ಹುಟ್ಟುವುದಿಲ್ಲ. ಒಳಗಿರುವುದು ಹೊರಗೆ ಬರುತ್ತದೆ. ಕೇಳಿದ ಮೇಲೆ ಬಿಟ್ಟು ಹೋಗಬಾರದು. (ಓದುತ್ತಿರುವ ನಿಮಗೇ ಹಾಗನ್ನಿಸುತ್ತಿದ್ದರೆ? ಇವತ್ತೇ ಯಾರಾದರೊಬ್ಬರಿಗೆ ಹೇಳಿ. ಅವರು ನನ್ನ ಹಾಗೆ ನಕ್ಕರೆ ಇನ್ನೊಬ್ಬರಿಗೆ ಹೇಳಿ. ಡಾಕ್ಟರಿಗೆ ಹೇಳಿ.)

ಸಾಬರನ್ನು ಕೇಳಿದೆ, ಕನ್ನಡದ ಬೇಜಾರು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲವೇ ಎಂದು.

“ಚಳ್ಳಕೆರೇಲೇ ಹುಟ್ಟಿದವನ್ರಿ ನಾನು. ಗೊತ್ತಿಲ್ದೇ ಏನು? ಆದ್ರೆ ಅವ್ರ ಬೇಜಾರು ಕನ್ನಡದ್ದೋ ಉರ್ದುದ್ದೋ, ಕೇಳ್ದೇ ನಿಮಗೆ ಹೆಂಗೆ ಗೊತ್ತಾತು?”

ಎಂ.ಎ.ಯಲ್ಲಿ ಶಬ್ದದ ಮೂಲ ಹುಡುಕುವುದನ್ನು ಕಲಿಸಿದ್ದರು. ಶಬ್ದ ಆಡಿದವನ ಮುಖ ನೋಡುವುದನ್ನು ಕಲಿಸಿರಲಿಲ್ಲ. ಅಥವಾ ಕಲಿಸಿದ್ದ ದಿನ ನಾನು ಗೈರುಹಾಜರಿದ್ದೆನೇನೋ.

ಕಳೆದ ಭಾನುವಾರ, ಇದನ್ನೆಲ್ಲ ಬರೆಯಲೇ ಎಂದು ಕೇಳಲು ಮೊಳಕಾಲ್ಮೂರಿಗೆ ಹೋಗಿದ್ದೆ. ನೇಕಾರರು ಮಗ್ಗದಲ್ಲಿ ಕೂತಿದ್ದರು. ದಿನಕ್ಕೆ ಒಂದು ಗಂಟೆ ಕೂರುತ್ತಾರಂತೆ, ಕೆಲವು ದಿನ ಅದೂ ಆಗುವುದಿಲ್ಲವಂತೆ. ಮಾತ್ರೆ ಬಿಟ್ಟಿಲ್ಲ. ಪೂರ್ತಿ ಗುಣವಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಟೀ ತಂದ ಮಗಳಿಗೆ, “ಸಾರ್‌ಗೆ ಸಕ್ಕರೆ ಕಮ್ಮಿ ಹಾಕಿದೀಯಾ, ಹೋಗಿ ತಾರೆ” ಎಂದು ಗದರಿದರು. ಆ ಗದರಿಕೆ ಕಿವಿಗೆ ಹಿತವಾಗಿತ್ತು.

“ಬರೀರಿ ಸಾರ್. ನನ್ನಂಥೋನು ಒಬ್ಬ ಓದಿದ್ರೆ ಸಾಕು” ಎಂದರು. ಮಗಳು ಒಳಗೆ ಹೋದದ್ದನ್ನು ನೋಡಿಕೊಂಡು, ದನಿ ತಗ್ಗಿಸಿ, “ಹೆಸರು ಮಾತ್ರ ಬ್ಯಾಡ್ರಿ. ಇವ್ಳಿಗೆ ಗಂಡು ನೋಡ್ತಿದೀವಿ” ಎಂದರು.

ಹಾಗಾಗಿ ಹೆಸರು ಹಾಕಿಲ್ಲ. ಅವರಿಗೆ ಬಂದದ್ದು ಬಿ.ಪಿ.ಯೋ ಶುಗರ್ರೋ ಆಗಿದ್ದರೆ, ನಿಮ್ಮಿಂದ ಆ ಹೆಸರನ್ನು ನಾನು ಬಚ್ಚಿಡಬೇಕಾಗುತ್ತಿತ್ತೇ?